ದೇವರಿಗಾಗಿ ತೆಗೆದಿರಿಸಿದ ಗಳಿಗೆ

ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ದಿನಕ್ಕೆ ಮೂರು ಸಲ ಗಂಟೆ ಬಾರಿಸುವ ಸಂಪ್ರದಾಯ ಇಂದಿಗೂ ನಿಂತಿಲ್ಲ. ದೇವದೂತನು ಮರಿಯಮ್ಮನವರಿಗೆ ಶುಭವಾರ್ತೆಯನ್ನು ತಿಳಿಸಿದ ಘಟನೆಯನ್ನು ಮುಂಜಾನೆ, ನಡುಹಗಲು ಮತ್ತು ಸಂಜೆ ಸ್ಮರಿಸುವ ತ್ರಿಕಾಲ ಪ್ರಾರ್ಥನೆಗೆ ಅದು ಕರೆ. ಕೊಂಕಣಿ ಮನೆಮಾತಿನ ಕುಟುಂಬಗಳಲ್ಲಿ ಈ ಪ್ರಾರ್ಥನೆಗೆ 'ಆಮೊರಿ' ಎಂಬ ಅಕ್ಕರೆಯ ಹೆಸರಿದೆ. ಹಿಂದೆ ಸಂಜೆಯ ಗಂಟೆ ಕೇಳಿಸಿದೊಡನೆ ಗದ್ದೆಯ ಹುಣಿಯ ಮೇಲೆ ನಡೆಯುತ್ತಿದ್ದವನು ಅಲ್ಲಿಯೇ ನಿಂತು ತಲೆಯ ಮುಟ್ಟಾಳೆಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದ. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ದೀಪ ಬೆಳಗಿಸಿ ಜಪಸರ ಹೇಳಿ ಮುಗಿಸಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ 'ಬೆಸಾಂವ್' ಬೇಡುತ್ತಿದ್ದರು. ಊಟ ಏನಿದ್ದರೂ ಆಮೇಲೆ.

ಈಗ ಹಲವೆಡೆ ಗಂಟೆ ಬಾರಿಸುವುದು ಗಡಿಯಾರಕ್ಕೆ ಜೋಡಿಸಿದ ವಿದ್ಯುತ್ ಯಂತ್ರ. ಅದಕ್ಕೆ ಜ್ವರವಿಲ್ಲ, ರಜೆಯಿಲ್ಲ, ಮರೆವಿಲ್ಲ. ಗಂಟೆ ಒಂದು ದಿನವೂ ತಪ್ಪುತ್ತಿಲ್ಲ. ಅದನ್ನು ಕೇಳಿ ನಿಲ್ಲುವವರು ಕಡಿಮೆಯಾಗಿದ್ದಾರೆ.

ಮನೆ ಭೇಟಿಗೆ ಹೋದಾಗ ಕುಟುಂಬ ಪ್ರಾರ್ಥನೆಯ ಬಗೆಗೆ ನಾನು ವಿಚಾರಿಸುವುದುಂಟು. ಪ್ರಾರ್ಥನೆ ಬೇಡವೆಂದ ಮನೆಯನ್ನು ನಾನಿನ್ನೂ ಕಂಡಿಲ್ಲ. ಎಲ್ಲರದೂ ಒಂದೇ ಉತ್ತರ: "ಸಮಯ ಸಿಗುವುದಿಲ್ಲ, ಫಾದರ್." ಈ 'ಸಿಗುವುದು' ಎಂಬ ಮಾತಿನಲ್ಲಿಯೇ ತೊಡಕು ಅಡಗಿದೆ ಎಂದು ನನ್ನ ಭಾವನೆ. ದಾರಿಯಲ್ಲಿ ಬಿದ್ದ ನಾಣ್ಯ ಸಿಗುತ್ತದೆ. ಸಮಯ ಹಾಗೆ ಸಿಗುವ ವಸ್ತುವಲ್ಲ. ಮಗಳ ಟ್ಯೂಷನ್ನಿಗೆ ನಮಗೆ ಸಮಯ ಸಿಕ್ಕಿತೇ? ಇಲ್ಲ, ನಾವು ಅದನ್ನು ತೆಗೆದಿರಿಸಿದೆವು. ಬಸ್ಸಿನ ವೇಳೆಗೆ, ಸೊಸೈಟಿಗೆ ಹಾಲು ಹಾಕುವ ವೇಳೆಗೆ, ಧಾರಾವಾಹಿಯ ವೇಳೆಗೆ ನಮ್ಮ ದಿನವನ್ನು ನಾವೇ ಕತ್ತರಿಸಿ ಹೊಂದಿಸಿದ್ದೇವೆ. ಹೀಗೆ ಎಲ್ಲರಿಗೂ ಪಾಲು ಹಂಚಿ ತಳದಲ್ಲಿ ಏನಾದರೂ ಮಿಕ್ಕಿದರೆ ಅದು ದೇವರಿಗೆ. ಮಿಕ್ಕುವುದು ನಿದ್ದೆಯ ಅಮಲು ಮಾತ್ರ.

ಇದನ್ನು ಬೆರಳು ತೋರಿಸಿ ಹೇಳುವ ಅರ್ಹತೆ ನನಗಿಲ್ಲ. ದಿನದ ಬೇರೆಬೇರೆ ಯಾಮಗಳಲ್ಲಿ ಕೀರ್ತನೆಗಳನ್ನು ಹೇಳಿ ಆಯಾ ಹೊತ್ತನ್ನು ಪವಿತ್ರಗೊಳಿಸಬೇಕೆಂಬ ಕಟ್ಟಳೆ ಗುರುಗಳಾದ ನಮಗಿದೆ. ಆದರೆ ಮದುವೆಯ ಕಾಗದಪತ್ರ, ಶಾಲೆಯ ಲೆಕ್ಕ, ಸಭೆ ಸಮಾರಂಭಗಳ ನಡುವೆ ಸಂಜೆಯ ಪ್ರಾರ್ಥನೆಯನ್ನು ರಾತ್ರಿ ಹನ್ನೊಂದಕ್ಕೆ ಆಕಳಿಸುತ್ತಾ ಓದಿ ಮುಗಿಸಿದ ದಿನಗಳು ನನ್ನ ಪಾಲಿಗೆ ಒಂದೆರಡಲ್ಲ. ಅಂಥ ದಿನಗಳಲ್ಲಿ ಕಟ್ಟಳೆ ಪೂರೈಸುತ್ತದೆ. ಅದಕ್ಕಿಂತ ಹೆಚ್ಚಿನದು ನಡೆಯಿತೆಂದು ಹೇಳಲು ಮನಸ್ಸಾಕ್ಷಿ ಒಪ್ಪುವುದಿಲ್ಲ.

ವಿದ್ಯಾವಂತ ಯುವಕರು ಇನ್ನೊಂದು ವಾದವನ್ನು ಮುಂದಿಡುತ್ತಾರೆ. ನಿಷ್ಠೆಯಿಂದ ಮಾಡುವ ಕೆಲಸವೇ ಪ್ರಾರ್ಥನೆಯಲ್ಲವೇ? ಎಡೆಬಿಡದೆ ಪ್ರಾರ್ಥಿಸಿರೆಂದು ಸಂತ ಪೌಲರು ಬೋಧಿಸಿರುವಾಗ, ಪ್ರಾರ್ಥನೆಗೆಂದು ಬೇರೆಯೇ ಒಂದು ಹೊತ್ತು ಏಕೆ? ಇದು ಹಗುರವಾದ ಪ್ರಶ್ನೆಯಲ್ಲ. ಹದಿನಾರು ಶತಮಾನಗಳ ಹಿಂದೆಯೇ ಇದಕ್ಕೆ ಉತ್ತರ ಹುಡುಕಿದವರು ಸಂತ ಅಗಸ್ಟೀನರು.

ಕ್ರಿ.ಶ. 410ರಲ್ಲಿ ಗೋಥರು ರೋಮ್ ನಗರವನ್ನು ಸೂರೆಗೈದಾಗ ಪ್ರೋಬಾ ಎಂಬ ಶ್ರೀಮಂತ ಮನೆತನದ ವಿಧವೆ ತನ್ನವರೊಡನೆ ಸಮುದ್ರ ದಾಟಿ ಉತ್ತರ ಆಫ್ರಿಕಾಕ್ಕೆ ಬಂದಳು. ನಿರಾಶ್ರಿತೆಯಾದ ಆಕೆ ಹಿಪ್ಪೋ ನಗರದ ಬಿಷಪರಾಗಿದ್ದ ಅಗಸ್ಟೀನರಲ್ಲಿ, ತಾನು ಹೇಗೆ ಪ್ರಾರ್ಥಿಸಬೇಕೆಂದು ಕೇಳಿದಳು. ಅವರು ಬರೆದ ಉತ್ತರ ದೀರ್ಘವಾದ ಪತ್ರವಾಗಿ ಇಂದಿಗೂ ಉಳಿದಿದೆ. ಅದರ ತಿರುಳು ಇಷ್ಟು: ದೇವರಿಗಾಗಿ ಹಂಬಲಿಸುವ ಹೃದಯ ಎಡೆಬಿಡದೆ ಪ್ರಾರ್ಥಿಸುತ್ತಲೇ ಇರುತ್ತದೆ, ನಿಜ. ಆದರೆ ಲೋಕದ ಚಿಂತೆಗಳ ನಡುವೆ ಆ ಹಂಬಲ ತಣ್ಣಗಾಗುತ್ತದೆ. ಆದುದರಿಂದ ನಿಗದಿತ ಗಳಿಗೆಗಳಲ್ಲಿ ಉಳಿದ ಕೆಲಸಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆದು, ಬಾಯಿಂದ ಮಾತುಗಳನ್ನು ನುಡಿದು, ನಮ್ಮನ್ನು ನಾವೇ ಎಚ್ಚರಿಸಿಕೊಳ್ಳಬೇಕು. ಇಲ್ಲವಾದರೆ ಮೊದಲು ಉಗುರುಬೆಚ್ಚಗಾದದ್ದು ಕೊನೆಗೆ ಪೂರ್ತಿ ಆರಿಹೋದೀತು.

ಮಾತುಗಳ ಅಗತ್ಯವಿರುವುದು ದೇವರಿಗಲ್ಲ, ನಮಗೆ ಎಂಬುದು ಅಗಸ್ಟೀನರ ಅಭಿಪ್ರಾಯ. ಎಂಟು ಶತಮಾನಗಳ ಬಳಿಕ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಇದೇ ಪತ್ರವನ್ನು ಆಧಾರವಾಗಿಟ್ಟುಕೊಂಡರು. ಪ್ರಾರ್ಥನೆಯ ಮೂಲವಾದ ಪ್ರೀತಿ ನಿರಂತರವಾಗಿರಬೇಕು. ಪ್ರಾರ್ಥನೆಯ ಕ್ರಿಯೆ ಮಾತ್ರ ನಿರಂತರವಾಗಿರಲಾರದು, ಏಕೆಂದರೆ ಮನುಷ್ಯನಿಗೆ ಬೇರೆ ಕರ್ತವ್ಯಗಳೂ ಇವೆ. ಇವರಿಬ್ಬರ ಬೆಳಕಿನಲ್ಲಿ ನೋಡಿದರೆ, ಕೆಲಸವೇ ಪ್ರಾರ್ಥನೆಯೆಂಬ ವಾದ ಸುಳ್ಳಲ್ಲ. ಆದರೆ ದಿನಕ್ಕೊಮ್ಮೆ ಕೆಲಸವನ್ನು ನಿಲ್ಲಿಸಿ ದೇವರ ಮುಂದೆ ಕುಳಿತವನು ಮಾತ್ರ ಅದನ್ನು ಹೇಳಬಲ್ಲ. ಒಮ್ಮೆಯೂ ನಿಲ್ಲಿಸದವನಿಗೆ ಕೆಲಸ ಬರಿಯ ಕೆಲಸವಾಗಿಯೇ ಉಳಿಯುತ್ತದೆ.

ಶುಭಸಂದೇಶದಲ್ಲಿಯೂ ಹೀಗೆಯೇ. ಸಂತ ಮಾರ್ಕನು ತನ್ನ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿಯ ಒಂದು ದಿನವನ್ನು ಚಿತ್ರಿಸಿದ್ದಾನೆ. ಸೂರ್ಯ ಮುಳುಗಿದ ಮೇಲೆ ಇಡೀ ಊರೇ ರೋಗಿಗಳನ್ನು ಹೊತ್ತುಕೊಂಡು ಬಾಗಿಲಲ್ಲಿ ನೆರೆದಿತ್ತು. ಅಷ್ಟು ದಣಿದವರು ಮರುದಿನ ಹೊತ್ತು ಮೂಡುವ ಮೊದಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಸೀಮೋನನೂ ಸಂಗಡಿಗರೂ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನು ಅರಸುತ್ತಿದ್ದಾರೆಂದು ಹೇಳಿದರೆ, ಅವರು ಹಿಂದಿರುಗದೆ ಅಕ್ಕಪಕ್ಕದ ಊರುಗಳಿಗೆ ಹೊರಟರು. ಆ ಬಾಗಿಲಲ್ಲಿ ಮಾಡಬೇಕಾದ ಕೆಲಸ ಮುಗಿದಿತ್ತೆಂದು ಮಾರ್ಕನು ಎಲ್ಲಿಯೂ ಬರೆದಿಲ್ಲ.

ಇನ್ನು ಎಷ್ಟು ಹೊತ್ತು ಎಂಬ ಪ್ರಶ್ನೆ. ಇದರಲ್ಲಿ ನಾವು ಅನಗತ್ಯವಾಗಿ ಹೆದರುತ್ತೇವೆ. ಸಂತ ಫ್ರಾನ್ಸಿಸ್ ಸಾಲೆಸರು 1609ರಲ್ಲಿ ಗೃಹಸ್ಥರಿಗಾಗಿಯೇ ಪ್ರಕಟಿಸಿದ ಗ್ರಂಥದಲ್ಲಿ ದಿನಕ್ಕೊಂದು ಗಂಟೆಯ ಧ್ಯಾನವನ್ನು ಸೂಚಿಸಿದ್ದಾರೆ. ಆದರೆ ಸಂಸಾರಸ್ಥನ ಭಕ್ತಿ ಸನ್ಯಾಸಿಯ ಭಕ್ತಿಯಂತಿರಬೇಕಾಗಿಲ್ಲ ಎಂದೂ ಅದೇ ಪುಸ್ತಕದಲ್ಲಿ ವಿವರಿಸಿದ್ದಾರೆ. ಅಗಸ್ಟೀನರ ಪತ್ರದಲ್ಲಿ, ಬಾಣ ಬಿಟ್ಟಂತೆ ಚುಟುಕಾಗಿ, ಆದರೆ ಪದೇಪದೇ ಪ್ರಾರ್ಥಿಸುತ್ತಿದ್ದ ಈಜಿಪ್ಟಿನ ಮಠವಾಸಿಗಳ ಪ್ರಶಂಸೆಯಿದೆ. ಹದಿನೈದು ನಿಮಿಷ ಸಾಕೆಂದು ಹೇಳಿದರೆ ನನ್ನನ್ನು ಯಾರೂ ತಪ್ಪು ತಿಳಿಯಬಾರದು. ಆದರೆ ಆ ಹದಿನೈದು ನಿಮಿಷ ನಿಗದಿಯಾಗಿರಬೇಕು. ಧ್ಯಾನಕ್ಕೆ ಗೊತ್ತುಪಡಿಸಿದ ಗಂಟೆಯನ್ನು ಪೂರ್ತಿ ಕೊಡಬೇಕು, ಮನಸ್ಸು ಬರಡಾಗಿರುವ ದಿನ ಇನ್ನೂ ಸ್ವಲ್ಪ ಹೆಚ್ಚೇ ಕುಳಿತಿರಬೇಕು ಎಂಬುದು ಸಂತ ಇಗ್ನೇಷಿಯಸ್ ಲೊಯೋಲರ ಸಲಹೆ. ಇಂದು ಮನಸ್ಸಿಲ್ಲ, ನಾಳೆ ನೋಡೋಣ ಎಂಬ ಪಿಸುಮಾತು ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಹೊತ್ತನ್ನು ಕಾಯ್ದುಕೊಂಡ ಜನ ಏನನ್ನು ಉಳಿಸಿಕೊಳ್ಳಬಲ್ಲರು ಎಂಬುದಕ್ಕೆ ನನಗೆ ಮರೆಯಲಾಗದ ನಿದರ್ಶನ ಜಪಾನ್ ದೇಶದ್ದು. ಅಲ್ಲಿ 1614ರಲ್ಲಿ ದೇಶದಾದ್ಯಂತ ಕ್ರೈಸ್ತ ಧರ್ಮವನ್ನು ನಿಷೇಧಿಸಲಾಯಿತು. ಗುರುಗಳು ಹತರಾದರು ಇಲ್ಲವೇ ಗಡೀಪಾರಾದರು. ಅನಂತರ 200 ವರ್ಷಗಳಿಗೂ ಮಿಕ್ಕಿ ಆ ಜನರಿಗೆ ಇಗರ್ಜಿಯಿಲ್ಲ, ಬಲಿಪೂಜೆಯಿಲ್ಲ. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ವಿದೇಶೀಯರಿಗಾಗಿ ಹೊಸದಾಗಿ ಕಟ್ಟಿದ್ದ ಇಗರ್ಜಿಗೆ ಸಮೀಪದ ಉರಕಾಮಿ ಗ್ರಾಮದ ಕೆಲವು ರೈತರು ಬಂದರು. ಫ್ರೆಂಚ್ ಗುರು ಪೆತಿಜ್ಯಾಂ ಅವರ ಬಳಿ ಒಬ್ಬ ಮಹಿಳೆ ಮೆಲುದನಿಯಲ್ಲಿ ತಮ್ಮ ವಿಶ್ವಾಸವೂ ಅವರದೇ ಎಂದು ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಮಾತು ಮುಂದುವರಿದಂತೆ, ತಾವೀಗ 'ದುಃಖದ ಕಾಲ'ವನ್ನು ಆಚರಿಸುತ್ತಿದ್ದೇವೆಂದೂ ಅಂದು ಅದರ 17ನೆಯ ದಿನವೆಂದೂ ಅವರು ಹೇಳಿದರು. ಆ ವರ್ಷದ ವಿಭೂತಿ ಬುಧವಾರ ಮಾರ್ಚ್ 1ರಂದು ಬಂದಿತ್ತು. ಎರಡು ಶತಮಾನಗಳ ಕತ್ತಲೆಯ ಬಳಿಕ ತಪಸ್ಸುಕಾಲದ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ! ಆ ಗುಪ್ತ ಸಮುದಾಯಗಳಲ್ಲಿ ಹಿರಿಯನೆನಿಸಿಕೊಂಡವನು ಪಂಚಾಂಗವನ್ನು ಕಾಯುವವನು. ಯಾವ ದಿನ ಉಪವಾಸ, ಯಾವ ದಿನ ಹಬ್ಬ ಎಂದು ಮನೆಮನೆಗೆ ತಿಳಿಸುವುದು ಅವನ ಹೊಣೆ. ಗುರುಗಳಿಲ್ಲದೆಯೂ ಆ ಮನೆಗಳಲ್ಲಿ ವಿಶ್ವಾಸ ಉಳಿಯಿತು. ಗುರುಗಳೂ ಗಂಟೆಯೂ ಇರುವ ನಮ್ಮ ಮನೆಗಳ ಕುರಿತು ಮುಂದಿನ ಪೀಳಿಗೆ ಏನು ಹೇಳೀತೋ ತಿಳಿಯದು.

ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಕೆಲವು ಕಾಲದ ಹಿಂದೆ ಒಬ್ಬ ವೃದ್ಧೆಗೆ ವ್ಯಾಧಿಸ್ಥರ ಅಭ್ಯಂಗನ ನೀಡಲು ಸಂಜೆ ಹೊತ್ತು ಒಂದು ಮನೆಗೆ ಹೋಗಿದ್ದೆ. ಮರೆವಿನ ಕಾಯಿಲೆಯಿಂದ ಆಕೆಗೆ ಹೆತ್ತ ಮಕ್ಕಳ ಹೆಸರೂ ನೆನಪಿರಲಿಲ್ಲ. ಮಂಚದ ಸುತ್ತ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ನಿಂತಿದ್ದರು. ದೂರದಿಂದ ಇಗರ್ಜಿಯ ಗಂಟೆ ಕೇಳಿಸಿತು. ನಾನು 'ಆಮೊರಿ' ಆರಂಭಿಸಿದೆ. ಮೊಮ್ಮಕ್ಕಳು ಪ್ರಾರ್ಥನೆಯ ಪಾಠವನ್ನು ಮೊಬೈಲಿನಲ್ಲಿ ಹುಡುಕತೊಡಗಿದರು. ಮಗ ಮೊದಲ ಸಾಲಿನ ಬಳಿಕ ತಡವರಿಸಿ ಸುಮ್ಮನಾದ. ಉತ್ತರ ಬಂದದ್ದು ಹಾಸಿಗೆಯಿಂದ. ಕಣ್ಣು ಮುಚ್ಚಿದ್ದ ಆ ತಾಯಿ ಮೂರೂ ಉತ್ತರಗಳನ್ನು, ಮೂರು 'ನಮೋ ಮರಿಯ'ಗಳನ್ನು ಒಂದಕ್ಷರ ಬಿಡದೆ ಹೇಳಿ ಮುಗಿಸಿದರು. ಹೊರಡುವಾಗ ಮಗ ನನ್ನನ್ನು ಗೇಟಿನವರೆಗೆ ಕಳುಹಿಸಲು ಬಂದು, "ನನ್ನ ಕಾಲಕ್ಕೆ ನನ್ನ ನಾಲಿಗೆಯಲ್ಲಿ ಏನಿರುತ್ತದೆ ಫಾದರ್?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಸಂಜೆ ಏಳೇ ಆಗಬೇಕೆಂಬ ಹಠ ನನಗಿಲ್ಲ. ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ದಾದಿಯರು, ಹೊತ್ತುಗೊತ್ತಿಲ್ಲದ ಉದ್ಯೋಗದ ಯುವಕರು ನಮ್ಮ ಮನೆಗಳಲ್ಲಿದ್ದಾರೆ. ಬದಲಾದ ಜೀವನಕ್ರಮದಲ್ಲಿ ಕುಟುಂಬ ಒಟ್ಟು ಸೇರುವುದು ಸುಲಭವಲ್ಲವೆಂಬುದನ್ನು 1974ರಲ್ಲಿಯೇ ಪೋಪ್ ಆರನೆಯ ಪೌಲರು ಒಪ್ಪಿಕೊಂಡಿದ್ದರು. ಒಪ್ಪಿಕೊಂಡು, ಸನ್ನಿವೇಶಕ್ಕೆ ಶರಣಾಗದೆ ಅದನ್ನು ಗೆಲ್ಲುವಂತೆ ಕರೆಕೊಟ್ಟಿದ್ದರು. ನನಗೆ ಪರಿಚಯವಿರುವ ಒಂದು ಕುಟುಂಬ ಜಪಸರವನ್ನು ರಾತ್ರಿ ಒಂಬತ್ತಕ್ಕೆ ಸರಿಸಿಕೊಂಡಿದೆ. ಆಗ ಕುವೈಟ್‌ನಲ್ಲಿ ಸಂಜೆ ಆರೂವರೆ; ಕೆಲಸದಿಂದ ಮರಳಿದ ಮಗ ವೀಡಿಯೊ ಕರೆಯಲ್ಲಿ ಒಂದು ರಹಸ್ಯವನ್ನು ಮುನ್ನಡೆಸುತ್ತಾನೆ. ಮೊಬೈಲನ್ನು ಬರಿದೇ ಬೈಯುವ ನನ್ನಂಥವರಿಗೆ ಆ ಮನೆ ಒಂದು ಪಾಠ ಕಲಿಸಿತು.

ಕೊನೆಯದಾಗಿ ನಮ್ಮದೇ ಅಂಗಳದ ಒಂದು ದೋಷವನ್ನು ಒಪ್ಪಿಕೊಳ್ಳಬೇಕು. ಕುಟುಂಬಗಳ ಪ್ರಾರ್ಥನೆಯ ಹೊತ್ತನ್ನು ಕದ್ದವರು ಟಿ.ವಿ.ಯವರು, ಮೊಬೈಲಿನವರು ಮಾತ್ರವೇ? ಗಾಯನ ಮಂಡಳಿಯ ಅಭ್ಯಾಸ, ಗುರ್ಕಾರರ ಸಭೆ, ಹಬ್ಬದ ಸಿದ್ಧತಾ ಸಮಿತಿ, ಎಲ್ಲವನ್ನೂ ನಾವು ಕರೆಯುವುದು ಸಂಜೆ ಏಳಕ್ಕೇ. ತಂದೆ ಒಂದು ಸಭೆಗೆ, ಮಗಳು ಇನ್ನೊಂದಕ್ಕೆ. ಮನೆಯಲ್ಲಿ ಉಳಿದ ಅಜ್ಜಿ ಒಬ್ಬಳೇ ಜಪಸರ ಹಿಡಿಯುತ್ತಾಳೆ. ಏಳರಿಂದ ಎಂಟರವರೆಗೆ ಇಗರ್ಜಿಯ ಯಾವುದೇ ಸಭೆಯನ್ನು ಇಟ್ಟುಕೊಳ್ಳಬಾರದೆಂದು ನಮ್ಮ ಪಾಲನಾ ಮಂಡಳಿಯ ಮುಂದೆ ಕೋರಿಕೆ ಇಟ್ಟಿದ್ದೇನೆ. ಆ ಒಂದು ಗಂಟೆ ರೋಗಿಗಳಿಗಾಗಿ ಬರುವ ಕರೆಗಳ ಹೊರತು ಕಚೇರಿಯ ಫೋನನ್ನು ನಾನೂ ಎತ್ತುವುದಿಲ್ಲ. ಹಾಗಾದರೆ ಸಭೆಗಳನ್ನು ಯಾವಾಗ ಸೇರಿಸುವುದು ಎಂದು ಒಬ್ಬ ಹಿರಿಯ ಸದಸ್ಯರು ಕೇಳಿದ್ದಾರೆ. ಮುಂದಿನ ಭಾನುವಾರ ಪೂಜೆಯ ಬಳಿಕ ಈ ಕುರಿತು ಚರ್ಚೆಯಿದೆ.