ಗಾಲಿಕುರ್ಚಿ ಬೇಕಾದದ್ದು ಕಾಲಿಗೋ, ಭಾಷೆಗೋ?



ಬಸವಕಲ್ಯಾಣ, ಹುಮನಾಬಾದಗಳಲ್ಲಿ ಓದಿದ ನಿಮ್ಮಲ್ಲಿ ಹಲವರು ಇಂದು ದುಬೈ, ಡಲ್ಲಾಸ್, ಟೊರಾಂಟೊ ಮೊದಲಾದ ಕಡೆಗಳಲ್ಲಿ ನೆಲೆಸಿದ್ದೀರಿ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳ ಮುಖ ನೋಡಲೆಂದೋ ನಿಮ್ಮ ತಂದೆ-ತಾಯಿಗಳು ವಿಮಾನ ಏರುತ್ತಾರೆ. ಟಿಕೆಟ್ ತೆಗೆಯುವಾಗ ನೀವು ಅಲ್ಲಿಂದಲೇ ‘ಗಾಲಿಕುರ್ಚಿ ಬೇಕು’ ಎಂದು ನಮೂದಿಸಿಬಿಡುತ್ತೀರಿ. ನಿತ್ಯವೂ ಹೊಲದವರೆಗೆ ನಡೆದು ಹೋಗಿಬರುವ ತಂದೆ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯ ಮೇಲೆ ಕೂಡುತ್ತಾರೆ. ಇದನ್ನು ಕಂಡು ನಗುವವರಿದ್ದಾರೆ, ಮೋಸವೆಂದು ಸಿಡುಕುವವರೂ ಇದ್ದಾರೆ. ಅದು ಮೋಸವಲ್ಲ, ಅಸಹಾಯಕತೆ ಎಂಬುದು ನನ್ನ ಅಭಿಮತ. ಆದರೆ ಆ ಅಸಹಾಯಕತೆಗೆ ಗಾಲಿಕುರ್ಚಿ ಸರಿಯಾದ ಪರಿಹಾರವಲ್ಲ ಎಂಬುದೂ ಅಷ್ಟೇ ನಿಜ.

ನಮ್ಮ ಭಾಗದ ಹಿರಿಯರು ಭಾಷೆಯಲ್ಲಿ ಬಡವರಲ್ಲ. 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯು ಹೈದರಾಬಾದ್ ರಾಜ್ಯದಲ್ಲಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಗಡಿಯಾಚೆ ತೆಲುಗು ಎಂದು ನಾಲ್ಕು ಭಾಷೆಗಳಲ್ಲಿ ವ್ಯವಹರಿಸಿದವರು ಇವರು. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎಂಬ ಗಾದೆಯನ್ನು ನಂಬಿ ಊರೂರು ತಿರುಗಿದವರು. ಹುಮನಾಬಾದದ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು, ಕಂಡಕ್ಟರನೇ ಊರಿನ ಹೆಸರು ಕೂಗಿ ಕರೆಯುತ್ತಾನೆ. ಅಕ್ಷರ ಬಾರದವರೂ ದಾರಿ ತಪ್ಪುವುದಿಲ್ಲ.

ದೊಡ್ಡ ವಿಮಾನ ನಿಲ್ದಾಣದಲ್ಲಿ ಕೂಗುವವರಿಲ್ಲ. ಅನೇಕ ಕಡೆ ಒಂದೊಂದು ವಿಮಾನಕ್ಕೂ ಧ್ವನಿವರ್ಧಕದಲ್ಲಿ ಪ್ರಕಟಣೆ ನೀಡುವುದನ್ನೇ ಕೈಬಿಟ್ಟಿದ್ದಾರೆ. ಎಲ್ಲವನ್ನೂ ಫಲಕದಲ್ಲಿ ಓದಿಕೊಳ್ಳಬೇಕು. ದುಬೈಯಲ್ಲಾದರೆ ನಮ್ಮ ದಖನಿ ಉರ್ದುವಿಗೆ ಉತ್ತರ ಕೊಡುವವರು ಸಿಕ್ಕಾರು. ಯುರೋಪಿನ ನಿಲ್ದಾಣದಲ್ಲಿ ನಾಲ್ಕು ಭಾಷೆ ಬಲ್ಲ ನಮ್ಮ ಹಿರಿಯರು ಮೂಕರಾಗುತ್ತಾರೆ. ಕುರ್ಚಿಯಲ್ಲಿ ಕುಳಿತರೆ ಅದನ್ನು ತಳ್ಳುವವನಾದರೂ ದಾರಿ ಬಲ್ಲವನಾಗಿರುತ್ತಾನೆ. ಮಕ್ಕಳು ನಿಜವಾಗಿ ಬೇಡುತ್ತಿರುವುದು ಕುರ್ಚಿಯನ್ನಲ್ಲ, ಆ ಮನುಷ್ಯನನ್ನು.

ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಪತ್ನಿಯೊಡನೆ ಮುಂಬೈಗೆ ಬಂದಿಳಿದ 80 ವರ್ಷದ ವೃದ್ಧರೊಬ್ಬರ ಸುದ್ದಿಯನ್ನು ನೆನಪಿಸಿಕೊಳ್ಳಿ. ಇಬ್ಬರಿಗೂ ಗಾಲಿಕುರ್ಚಿ ಕೇಳಿದ್ದರು. ಆಗ ದೊರೆತದ್ದು ಒಂದೇ. ಪತ್ನಿಯನ್ನು ಅದರಲ್ಲಿ ಕೂಡಿಸಿ ತಾವು ನಡೆದೇ ಹೊರಟ ಅವರು ವಲಸೆ ತಪಾಸಣೆಯ ಬಳಿ ಕುಸಿದರು, ಬದುಕಿ ಉಳಿಯಲಿಲ್ಲ. ವಿಮಾನಯಾನ ನಿರ್ದೇಶನಾಲಯವು ಆ ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಕುರ್ಚಿ ಒದಗಿಸುವುದು ಸಂಸ್ಥೆಯ ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೇ ಇದ್ದರೂ ಕುರ್ಚಿಗಳಿಗೊಂದು ಲೆಕ್ಕವಿದೆ. ನಡೆಯಬಲ್ಲವರು ದಾರಿ ತಿಳಿಯಲೆಂದು ಅದರಲ್ಲಿ ಕುಳಿತಾಗ ನಡೆಯಲಾರದವರು ಕಾಯಬೇಕಾಗುತ್ತದೆ.

ಆದುದರಿಂದ ವಿಮಾನ ಸಂಸ್ಥೆಗಳಿಗೆ ನಾವು ಕೇಳಬೇಕಾದದ್ದು ಇಷ್ಟು: ಗಾಲಿಕುರ್ಚಿಯ ಕೋರಿಕೆಯಂತೆಯೇ ‘ದಾರಿ ತೋರುವವರು ಬೇಕು’ ಎಂಬ ಕೋರಿಕೆಗೂ ಟಿಕೆಟಿನಲ್ಲಿ ಜಾಗವಿರಲಿ. ಹತ್ತು ಮಂದಿ ಹಿರಿಯರನ್ನು ಒಬ್ಬನೇ ನೌಕರ ಒಟ್ಟಿಗೆ ಮುಂದಿನ ದ್ವಾರಕ್ಕೆ ಕರೆದೊಯ್ಯಬಹುದು. ಹತ್ತು ಕುರ್ಚಿಗಳನ್ನು ಒಬ್ಬನೇ ತಳ್ಳಲಾರ. ಹಣ ತೆತ್ತರೆ ಜೊತೆಗೆ ಬಂದು ದಾರಿ ತೋರುವ ಸೇವೆ ಹಲವು ದೊಡ್ಡ ನಿಲ್ದಾಣಗಳಲ್ಲಿ ಈಗಲೂ ಇದೆ. ಅದು ಉಳ್ಳವರಿಗೆ ಮಾತ್ರ ಮೀಸಲಾಗಬಾರದು.

ಇನ್ನು ನಿಮ್ಮ ಪಾಲಿನ ಕರ್ತವ್ಯ. ನಾಲ್ಕು ಸಾವಿರ ರೂಪಾಯಿ ಉಳಿಯುತ್ತದೆಂದು ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ಜೋಡಿಸಬೇಡಿ. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ಸಂಸ್ಥೆಯದು. ಬೇರೆ ಟಿಕೆಟ್ ಆದರೆ ಎರಡನೆಯ ಸಂಸ್ಥೆಯ ಪಾಲಿಗೆ ನಿಮ್ಮ ತಾಯಿ ‘ಬಾರದೆ ಹೋದ ಪ್ರಯಾಣಿಕಳು’, ಅಷ್ಟೇ. ದೆಹಲಿಯ ಒಂದನೆಯ ಟರ್ಮಿನಲ್ಲಿಗೂ ಮೂರನೆಯದಕ್ಕೂ ನಡುವೆ ರಸ್ತೆಯಲ್ಲಿ ಹಲವು ಕಿಲೋಮೀಟರ್ ಅಂತರವಿದೆ. ಮುಂಬೈಯಲ್ಲಂತೂ 2025ರ ಅಕ್ಟೋಬರಿನಲ್ಲಿ ನವಿ ಮುಂಬೈ ನಿಲ್ದಾಣದ ಉದ್ಘಾಟನೆಯಾದ ಮೇಲೆ ಇಳಿಯುವ ನಿಲ್ದಾಣ ಯಾವುದು, ಏರುವ ನಿಲ್ದಾಣ ಯಾವುದು ಎಂಬುದನ್ನೇ ಮೊದಲು ನೋಡಬೇಕು. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ಆ ದೇಶದ ಮೊದಲ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆಗಳನ್ನು ತೆಗೆದುಕೊಂಡು, ಸುಂಕದವರನ್ನು ದಾಟಿ, ಮತ್ತೆ ಅವನ್ನು ಒಪ್ಪಿಸಬೇಕು. ಕೊನೆಯ ಊರಿನ ಚೀಟಿ ಅಂಟಿಸಿದ್ದರೂ ಇದು ತಪ್ಪದು. ಇಷ್ಟಕ್ಕೆಲ್ಲ ಒಂದೂವರೆ ಗಂಟೆ ಸಾಲದು. ಮೂರು ಗಂಟೆಯಾದರೂ ಬಿಡುವಿರಲಿ.

ಕೊನೆಯದಾಗಿ, ಕಲಿಸುವ ಮಾತು. ವಿಮಾನ ನಿಲ್ದಾಣದ ಫಲಕಗಳಲ್ಲಿ ಅರ್ಧಕ್ಕರ್ಧ ಅಂಕಿಗಳೇ. ಅಂಕಿ ನಮ್ಮ ಹಿರಿಯರಿಗೆಲ್ಲ ಗೊತ್ತು. ಬೀಜ-ಗೊಬ್ಬರದ ಲೆಕ್ಕ ಬರೆದವರಿಗೆ, ಬಸ್ಸಿನ ನಂಬರು ಓದಿದವರಿಗೆ ಅದು ಹೊಸದಲ್ಲ. ವಿಮಾನದ ಸಂಖ್ಯೆ, ದ್ವಾರದ ಸಂಖ್ಯೆ, ದ್ವಾರ ಮುಚ್ಚುವ ವೇಳೆ ಈ ಮೂರನ್ನು ಗುರುತಿಸಲು ಕಲಿಸಿದರೆ ಮುಕ್ಕಾಲು ದಾರಿ ಸಾಗಿದಂತೆ. ವಿಮಾನ ಹೊರಡುವ ವೇಳೆ ಬೇರೆ, ದ್ವಾರ ಮುಚ್ಚುವ ವೇಳೆ ಬೇರೆ ಎಂದು ತಿಳಿಸಿ. 15ನೇ ತಾರೀಖು ರಾತ್ರಿ 12.30ರ ವಿಮಾನವೆಂದರೆ 14ರ ಮಧ್ಯಾಹ್ನವೇ ಹುಮನಾಬಾದ ಬಿಡಬೇಕೆಂದು ಬಿಡಿಸಿ ಹೇಳಿ. ಒಂದು ಕಾರ್ಡಿನ ಮೇಲ್ಭಾಗದಲ್ಲಿ ಕನ್ನಡದಲ್ಲಿಯೂ ಕೆಳಗೆ ಇಂಗ್ಲಿಷಿನಲ್ಲಿಯೂ ‘ನನಗೆ ಈ ವಿಮಾನದ ದ್ವಾರ ತೋರಿಸಿ’ ಎಂದು ಬರೆದು, ವಿಮಾನದ ಸಂಖ್ಯೆಯನ್ನು ದೊಡ್ಡದಾಗಿ ನಮೂದಿಸಿ ಕೈಗೆ ಕೊಡಿ.

ನಿಮಗೆ ಅಕ್ಷರ ತಿದ್ದಿಸಲು ಅವರು ಎಷ್ಟು ಸಂಜೆಗಳನ್ನು ಕೊಟ್ಟಿದ್ದಾರೆ! ಈ ಬೇಸಿಗೆಗೆ ಅವರನ್ನು ಕರೆಸಿಕೊಳ್ಳುವ ಮುನ್ನ ಎರಡು ಸಂಜೆ ಫೋನಿನಲ್ಲಿ ಕುಳಿತು ಟಿಕೆಟನ್ನು ಸಾಲು ಸಾಲಾಗಿ ಓದಿಸಿರಿ. ಕಾಲು ನೋಯುವವರಾದರೆ ಗಾಲಿಕುರ್ಚಿಯನ್ನು ಸಂಕೋಚವಿಲ್ಲದೆ ಕೇಳಿರಿ. ಕಾಲು ಗಟ್ಟಿಯಿದ್ದರೆ ನಡೆದು ಬರಲು ಬಿಡಿರಿ.