ಅರಳುಮರಳು ಎಂದು ಕೈಬಿಡುವ ಮುನ್ನ



‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕೇಳದ ಮನೆಯಿಲ್ಲ. ಅರವತ್ತು ದಾಟಿದ ನಮ್ಮ ಕಿವಿಗೂ ಅದು ಆಗಾಗ ಬೀಳುತ್ತದೆ. ಗಾದೆ ತಮಾಷೆಗೆ ಸರಿ. ಆದರೆ ಅದರ ಮರೆಯಲ್ಲಿ ಒಂದು ನಿಜವಾದ ಕಾಯಿಲೆ ಅಡಗಿ ಕುಳಿತು, ಮನೆಯವರು ಎಚ್ಚೆತ್ತುಕೊಳ್ಳುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಈ ತಿಂಗಳು ಆ ವಿಷಯವನ್ನೇ ತಮ್ಮ ಮುಂದೆ ಇಡುತ್ತೇವೆ.

ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ಹಳೆಯ ಗಿರಾಕಿಯ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಇವು ವಯಸ್ಸಿನ ಮರೆವು. ನಲವತ್ತು ವರ್ಷ ಓಡಾಡಿದ ಬಜಾರದಲ್ಲಿ ದಾರಿ ತಪ್ಪುವುದು, ಊಟ ಮಾಡಿ ಕೈ ತೊಳೆದವರೇ ‘ಇನ್ನೂ ಊಟ ಹಾಕಿಲ್ಲವೇ’ ಎಂದು ಕೇಳುವುದು, ಇವು ಬೇರೆ. ವೈದ್ಯರು ಇದನ್ನು ಡಿಮೆನ್ಶಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವ ಬಗೆ ಆಲ್ಝೈಮರ್. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ಸುಮಾರು 7 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು.

ವ್ಯಾಪಾರಸ್ಥರ ಮನೆಗಳಲ್ಲಿ ಇದು ಮೊದಲು ಕಾಣುವುದು ಅಡುಗೆಮನೆಯಲ್ಲಲ್ಲ, ಗಲ್ಲಾದ ಮುಂದೆ. ಶಾಂತಿನಗರದ ಕಡೆ ನಮಗೆ ಪರಿಚಯದ ಹಿರಿಯ ವರ್ತಕರೊಬ್ಬರಿದ್ದರು. ಯಾವ ರೈತನ ಉದ್ರಿ ಎಷ್ಟು ಎಂಬುದನ್ನು ಖಾತೆ ತೆಗೆಯದೆ ಹೇಳುತ್ತಿದ್ದವರು. ಅಂಥವರು ಒಂದೇ ಉದ್ರಿಯನ್ನು ಕಿರ್ದಿಯಲ್ಲಿ ಎರಡು ಸಲ ಬರೆಯತೊಡಗಿದರು. ಲೆಕ್ಕ ಕೂಡದಾಗ ಮುನೀಮರ ಮೇಲೆ ಕಳ್ಳತನದ ಅಪವಾದ ಹೊರಿಸಿದರು. ಇಪ್ಪತ್ತು ವರ್ಷ ಅನ್ನ ಹಂಚಿಕೊಂಡು ದುಡಿದ ಮುನೀಮರು ಕಣ್ಣೀರು ಹಾಕಿ ಅಂಗಡಿ ಬಿಟ್ಟರು. ಅಪ್ಪಾಜಿಗೆ ಕಾಯಿಲೆ ಎಂದು ಮಕ್ಕಳಿಗೆ ತಿಳಿದದ್ದು ಆಮೇಲೆ. ಲೆಕ್ಕದಲ್ಲಿ ಹೊಸದಾಗಿ ತಪ್ಪುವುದು, ಕಾರಣವಿಲ್ಲದ ಸಂಶಯ, ಮುಂಗೋಪ, ಇವೂ ಈ ಕಾಯಿಲೆಯ ಲಕ್ಷಣಗಳೆಂದು ಅವರಿಗೆ ಮೊದಲೇ ಗೊತ್ತಿದ್ದರೆ ಒಬ್ಬ ಪ್ರಾಮಾಣಿಕನ ಮರ್ಯಾದೆ ಉಳಿಯುತ್ತಿತ್ತು.

ವೈದ್ಯರ ಬಳಿ ಹೋಗಿ ಏನು ಪ್ರಯೋಜನ, ಔಷಧಿಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಆಲ್ಝೈಮರ್ ಅನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲವೆಂಬುದು ನಿಜ. ಆದರೆ ಮರೆವೆಲ್ಲ ಆಲ್ಝೈಮರ್ ಅಲ್ಲ. ಥೈರಾಯ್ಡ್ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳ ಅಡ್ಡ ಪರಿಣಾಮ, ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ. ಶುದ್ಧ ಸಸ್ಯಾಹಾರಿಗಳಾದ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಬಿ-12 ಜೀವಸತ್ವ. ಅದು ನಮಗೆ ದೊರೆಯುವುದು ಬಹುಮಟ್ಟಿಗೆ ಹಾಲು ಮೊಸರಿನಿಂದ ಮಾತ್ರ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಇನ್ನಷ್ಟು ಕಡಿಮೆಯಾಗಬಹುದು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಬೇಗ ಕಂಡರೆ ಸರಿಪಡಿಸಬಹುದು. ಹಾಗೆಯೇ ಸಕ್ಕರೆ ಕಾಯಿಲೆಯ ಹಿರಿಯರು ಉಪವಾಸದ ದಿನ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಲಿ. ರಕ್ತದ ಸಕ್ಕರೆ ಇಳಿದರೂ ಮಾತು ತೊದಲಿ ಗೊಂದಲವಾಗುತ್ತದೆ.

2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 14 ಕಾರಣಗಳನ್ನು ಪಟ್ಟಿ ಮಾಡಿತು. ಇವನ್ನು ಹತೋಟಿಯಲ್ಲಿಟ್ಟರೆ ಡಿಮೆನ್ಶಿಯಾದ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಲೆಕ್ಕ. ರಕ್ತದೊತ್ತಡ, ಸಕ್ಕರೆ, ಧೂಮಪಾನ, ಒಂಟಿತನ ಅದರಲ್ಲಿವೆ. ಕಿವಿ ಮಂದವಾಗುವುದೂ ಇದೆ. ಕಿವಿ ಕೇಳದ ಹಿರಿಯರು ಮಾತಿನಿಂದ ದೂರ ಸರಿಯುತ್ತಾರೆ. ಮಾತಿಲ್ಲದ ಮಿದುಳು ಸೊರಗುತ್ತದೆ. ಶ್ರವಣಯಂತ್ರ ಹಾಕಿಕೊಳ್ಳಲು ನಾಚಿಕೆ ಏಕೆ? ಕನ್ನಡಕ ಹಾಕಿಕೊಳ್ಳುವುದಿಲ್ಲವೇ?

ಮಾತಿನ ವಿಷಯ ಬಂದದ್ದರಿಂದ ನಮ್ಮ ಗಡಿನಾಡಿಗೆ ಸಂತೋಷ ತರುವ ಸಂಗತಿಯೊಂದನ್ನು ಹೇಳಬೇಕು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿಯವರು ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಹೀಗೆಯೇ ಇತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೆಯ ಸ್ನೇಹಿತರೊಡನೆ ಉರ್ದು ಆಡುವ ನಾರಾಯಣಪೇಟೆ, ಮಖ್ತಲ್, ಗದ್ವಾಲದ ಜನರಿಗೆ ಇದು ಬಡ್ಡಿಯಿಲ್ಲದೆ ಬಂದ ಬಂಡವಾಳ. ಭಾಷೆ ಕಾಯಿಲೆಯನ್ನು ತಡೆಯುತ್ತದೆಂದು ಅವರು ಹೇಳಲಿಲ್ಲ, ತಡವಾಗಿ ಬಂತೆಂದಷ್ಟೇ ಹೇಳಿದರು.

ಪರೀಕ್ಷೆಯೂ ಹಿರಿಯರ ಭಾಷೆಯಲ್ಲಿಯೇ ಆಗಬೇಕು. ಅಮೆರಿಕದಲ್ಲಿ ನೆಲೆಸಿದ ಸ್ಪ್ಯಾನಿಷ್ ಮಾತಾಡುವ ಹಿರಿಯರಿಗೂ ಇದೇ ಸಮಸ್ಯೆ. ಬಾರದ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಒಳ್ಳೆಯ ಬುದ್ಧಿಯವರೂ ತಡವರಿಸುತ್ತಾರೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಯಾರಿಸಿದ ನೆನಪಿನ ಪರೀಕ್ಷೆಗಳು ಕನ್ನಡ, ತೆಲುಗು ಎರಡರಲ್ಲೂ ಇವೆ. ಕೇಳಿ ಪಡೆಯಿರಿ.

ಇನ್ನು ಕಾಗದಪತ್ರದ ಮಾತು. ‘ಮುಖ್ತಾರನಾಮೆ ಬರೆಸಿದ್ದೇವೆ, ಚಿಂತೆಯಿಲ್ಲ’ ಎಂದು ಅನೇಕರು ನಂಬಿದ್ದಾರೆ. ಕರಾರು ಕಾಯಿದೆಯ ಪ್ರಕಾರ ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ಹೋದರೆ ಆ ಅಧಿಕಾರವೂ ಮುಗಿಯುತ್ತದೆ. ಮೃತ್ಯುಪತ್ರ ಬರೆಯಲೂ ಸ್ವಸ್ಥಚಿತ್ತ ಬೇಕು. ಆದುದರಿಂದ ನಾಮಿನಿ, ಮೃತ್ಯುಪತ್ರ, ಬ್ಯಾಂಕಿನ ಜಂಟಿ ಖಾತೆ, ಇವನ್ನೆಲ್ಲ ಬುದ್ಧಿ ಚುರುಕಾಗಿರುವಾಗಲೇ ಹಿರಿಯರ ಸ್ವಂತ ಇಚ್ಛೆಯಂತೆ ವಕೀಲರನ್ನು ಕೇಳಿ ಮುಗಿಸಿಬಿಡಿ. ಕಾಯಿಲೆ ಬಂದ ಮೇಲೆ ಕೈಹಿಡಿದು ಸಹಿ ಹಾಕಿಸುವುದು ಹಿರಿಯರಿಗೂ ಅನ್ಯಾಯ, ಅಣ್ಣತಮ್ಮಂದಿರಲ್ಲಿ ಕೋರ್ಟಿನ ವ್ಯಾಜ್ಯಕ್ಕೂ ದಾರಿ.

ಕಾಯಿಲೆ ಖಚಿತವಾದರೆ ಗಲ್ಲಾದಿಂದ ಎಬ್ಬಿಸಿ ಮೂಲೆಗೆ ಕೂರಿಸಬೇಡಿ. ಚೆಕ್ಕು, ಹಣ ಮಕ್ಕಳ ಕೈಯಲ್ಲಿರಲಿ. ಹಿರಿಯರು ಬೆಳಿಗ್ಗೆ ಎರಡು ತಾಸು ಅಂಗಡಿಯಲ್ಲಿ ಕುಳಿತು ಬಂದವರನ್ನು ಮಾತನಾಡಿಸಲಿ. ಒಂದೇ ಪ್ರಶ್ನೆ ಹತ್ತು ಸಲ ಬಂದರೂ ವಾದ ಬೇಡ. ಹಗಲಿರುಳು ನೋಡಿಕೊಳ್ಳುವ ಸೊಸೆಗೂ ವಾರಕ್ಕೊಂದು ದಿನ ಬಿಡುವಿರಲಿ, ಆ ದಿನ ಗಂಡುಮಕ್ಕಳು ನೋಡಿಕೊಳ್ಳಲಿ. ಸಲಹೆಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಮತ್ತು ಟೆಲಿ ಮಾನಸ್ 14416 ಇವೆ.

ಕಡೆಯದಾಗಿ ಒಂದು ವಿನಂತಿ. ಈ ಕಾಯಿಲೆ ಬಲಿತಾಗ ಆಮೇಲೆ ಕಲಿತ ಭಾಷೆ ಹಲವರಲ್ಲಿ ಮೊದಲು ಜಾರುತ್ತದೆ, ತಾಯಿಯ ಬಾಯಿಂದ ಕಲಿತದ್ದು ಕೊನೆಗೆ ಉಳಿಯುತ್ತದೆ. ನಮ್ಮ ಮೊಮ್ಮಕ್ಕಳು ತೆಲುಗು, ಇಂಗ್ಲಿಷ್ ಶಾಲೆಗಳಲ್ಲಿ ಓದುತ್ತಾರೆ, ಓದಲಿ. ಮನೆಯಲ್ಲಿ ಅಜ್ಜ ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡಲಿ. ಮುಂದೊಂದು ದಿನ ಅಜ್ಜ ‘ನೀರು ಕೊಡಪ್ಪಾ’ ಎಂದಾಗ ಮನೆಯಲ್ಲಿ ಯಾರಿಗಾದರೂ ಅರ್ಥವಾಗಬೇಕಲ್ಲವೇ?