ಅಜ್ಜನ ಜಗಲಿ: ಎಸೆಯಲೂ ಸೈ, ಒದೆಯಲೂ ಸೈ

ಮಕ್ಕಳೇ, ಹೋದ ಶನಿವಾರ ನನ್ನ ಮೊಮ್ಮಗ ಮುಖ ಊದಿಸಿಕೊಂಡು ಶಾಲೆಯಿಂದ ಬಂದ. ಕ್ರಿಕೆಟ್ ತಂಡದಲ್ಲಿ ಅವನಿಗೆ ಬೌಲಿಂಗ್ ಕೊಡದೆ ವಿಕೆಟ್ ಹಿಂದೆ ನಿಲ್ಲಿಸಿದ್ದರಂತೆ. "ಅದೂ ಒಂದು ಆಟವಾ ಅಜ್ಜಾ?" ಅಂದ. ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕದ ಜಾರ್ಜ್ ಬ್ಲಾಂಡಾ ಅವರ ಕಥೆ ಹೇಳಿದೆ. ನೀವೂ ಕೇಳಿ.

ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಾವು ಆಡುವ ಫುಟ್‌ಬಾಲ್ ಅಲ್ಲ. ಅವರ ಚೆಂಡಿಗೆ ಎರಡೂ ತುದಿ ಚೂಪು. ಅದನ್ನು ಹೆಚ್ಚಾಗಿ ಕೈಯಲ್ಲೇ ಎಸೆದು, ಹಿಡಿದು, ಎತ್ತಿಕೊಂಡು ಓಡುತ್ತಾರೆ. ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಮನೆಗೆ ಯಜಮಾನನಿದ್ದ ಹಾಗೆ. ಕಿಕ್ಕರ್ ಆಗಾಗ ಬಂದು ಎರಡು ಕಂಬಗಳ ನಡುವೆ ಚೆಂಡು ಒದ್ದು ಹೋಗುತ್ತಾನೆ. ದೂರದಿಂದ ಒದ್ದದ್ದು ಗುರಿ ಸೇರಿದರೆ 3 ಅಂಕ. ಸಾಮಾನ್ಯವಾಗಿ ಇವು ಇಬ್ಬರ ಕೆಲಸ. ಬ್ಲಾಂಡಾ ಅವರಿಗೆ ಎರಡೂ ಬರುತ್ತಿತ್ತು.

ಅವರು ಹುಟ್ಟಿದ್ದು 1927ರಲ್ಲಿ, ಪೆನ್ಸಿಲ್ವೇನಿಯಾದ ಯಂಗ್‌ವುಡ್‌ನಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಕೆಂಟಕಿ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 1949ರಲ್ಲಿ ಶಿಕಾಗೊ ಬೇರ್ಸ್ ಸೇರಿದರು. ಹತ್ತು ವರ್ಷಗಳ ನಂತರ ತಂಡಕ್ಕೆ ಅವರ ಒದೆತ ಮಾತ್ರ ಸಾಕಾಗಿತ್ತು, ಎಸೆತ ಬೇಡವಾಗಿತ್ತು. ಬ್ಲಾಂಡಾ ಒಪ್ಪಲಿಲ್ಲ. 1959ರಲ್ಲಿ ಆಟದಿಂದಲೇ ದೂರ ಉಳಿದರು.

ಮರುವರ್ಷ ಹೊಸ ಲೀಗ್ ಶುರುವಾಯಿತು. ಅದರಲ್ಲಿ ಹೂಸ್ಟನ್ ಆಯಿಲರ್ಸ್ ತಂಡ ಸೇರಿ, 1960 ಮತ್ತು 1961ರಲ್ಲಿ ಅದನ್ನು ಚಾಂಪಿಯನ್ ಮಾಡಿದರು. ಆದರೆ 1962ರಲ್ಲಿ ಅವರು ಎಸೆದ 42 ಚೆಂಡುಗಳು ಎದುರಾಳಿಗಳ ಕೈ ಸೇರಿದವು! ಒಂದೇ ಋತುವಿನಲ್ಲಿ ಅಷ್ಟು ತಪ್ಪಿದವರು ಇವತ್ತಿನವರೆಗೆ ಬೇರೆ ಯಾರೂ ಇಲ್ಲ. ಹಾಗೆಂದು ಅವರು ಎಸೆಯುವುದನ್ನು ಬಿಡಲಿಲ್ಲ.

1967ರಲ್ಲಿ ಹೂಸ್ಟನ್ ಕೂಡ ಅವರನ್ನು ಕೈಬಿಟ್ಟಿತು. ವಯಸ್ಸು ನಲವತ್ತರ ಹತ್ತಿರ. ಓಕ್ಲೆಂಡ್ ರೈಡರ್ಸ್ ಕರೆಯಿತು. ಒದೆಯುವುದು ಮುಖ್ಯ ಕೆಲಸ, ಎಸೆಯಲು ಬದಲಿ ಆಟಗಾರ. ಈ ಸಲ ಅವರು ಒಪ್ಪಿಕೊಂಡರು.

1970ರಲ್ಲಿ ಅವರಿಗೆ 43 ವರ್ಷ. ಮುಖ್ಯ ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟಾದಾಗ ಬ್ಲಾಂಡಾ ಬಂದು 3 ಟಚ್‌ಡೌನ್ ಎಸೆತ ಎಸೆದು ಗೆಲ್ಲಿಸಿದರು. ಮುಂದಿನ ವಾರ ಕೊನೆಯ ಕ್ಷಣಗಳಲ್ಲಿ 48 ಗಜದಿಂದ ಒದ್ದು ಸೋಲು ತಪ್ಪಿಸಿದರು. ಅದರ ಮುಂದಿನ ವಾರ ಕ್ಲೀವ್‌ಲ್ಯಾಂಡ್ ವಿರುದ್ಧ ಮೊದಲು ಎಸೆದು ಪಂದ್ಯ ಸಮ ಮಾಡಿದರು, ಆಮೇಲೆ 52 ಗಜದಿಂದ ಒದ್ದು ಗೆಲ್ಲಿಸಿದರು. ಹೀಗೆ ಸಾಲಾಗಿ ಐದು ವಾರ, ಒಮ್ಮೆ ಕೈಯಿಂದ, ಒಮ್ಮೆ ಕಾಲಿನಿಂದ ತಂಡವನ್ನು ಕಾಪಾಡಿದರು.

ಆಟ ನಿಲ್ಲಿಸಿದಾಗ ಅವರ ವಯಸ್ಸು 48. 26 ಋತು, 340 ಪಂದ್ಯ, 2002 ಅಂಕ. ಅದರಲ್ಲಿ 1948 ಅಂಕ ಬಂದದ್ದು ಒದೆತದಿಂದಲೇ! ಒಂದು ಕಾಲದಲ್ಲಿ ಅದೊಂದನ್ನೇ ಮಾಡಿಕೊಂಡಿರಲು ಅವರು ಒಲ್ಲೆ ಎಂದಿದ್ದರು, ನೆನಪಿದೆಯಲ್ಲ? 1981ರಲ್ಲಿ ಅವರ ಹೆಸರು ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿತು.

ಅಜ್ಜ-ಅಜ್ಜಿಯರೇ, "ನಿಮಗೆ ವಯಸ್ಸಾಯಿತು, ಸುಮ್ಮನೆ ಕೂತಿರಿ" ಎಂದು ಯಾರಾದರೂ ಅಂದರೆ ಅವರಿಗೂ ಈ ಕಥೆ ಹೇಳಿ.

ಕಥೆ ಮುಗಿದ ಮೇಲೆ ಮೊಮ್ಮಗ ಕೇಳಿದ: "ಹಾಗಾದರೆ ಬೌಲಿಂಗ್ ಬಿಟ್ಟುಬಿಡಲಾ?"

"ಯಾಕೋ ಬಿಡಬೇಕು? ಅದೂ ಇರಲಿ, ಇದನ್ನೂ ಕಲಿ."

ಮರುದಿನ ಬೆಳಿಗ್ಗೆ ಹಿತ್ತಿಲ ಗೋಡೆಗೆ ಚೆಂಡು ಬಡಿಯುವ ಸದ್ದಿಗೆ ನನಗೆ ಎಚ್ಚರವಾಯಿತು. ಎಸೆಯುವವನೂ ಅವನೇ, ಹಿಡಿಯುವವನೂ ಅವನೇ!